ಹಿಮಚಿರತೆಯ ನೆರೆಹೊರೆ

ದಕ್ಷಿಣ ಮಂಗೋಲಿಯಾದ ತೊಸ್ತ್ ಬೆಟ್ಟಗಳಲ್ಲಿ ಹಿಮಚಿರತೆಗಳ ಕೊರಳಿಗೆ ಜಿಪಿಎಸ್ ಪಟ್ಟಿ ತೊಡಿಸಿ ವರ್ಷಗಟ್ಟಲೆ ಅವುಗಳ ಓಡಾಟವನ್ನು ಅಳೆದ ವಿಜ್ಞಾನಿಗಳು 2016ರಲ್ಲಿ ತಮ್ಮ ಲೆಕ್ಕ ಪ್ರಕಟಿಸಿದರು. ಒಂದು ಗಂಡು ಹಿಮಚಿರತೆ ಬದುಕಲು ಸರಾಸರಿ 207 ಚದರ ಕಿಲೋಮೀಟರ್ ಜಾಗ ಬೇಕು, ಹೆಣ್ಣಿಗೆ 124. ಈ ಪ್ರಾಣಿ ಏಷ್ಯಾದ 12 ದೇಶಗಳಲ್ಲಿ ಹರಡಿಕೊಂಡಿದೆ. ಅದರ ನೆಲೆಯೊಳಗೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎಂದೆಲ್ಲ ಹೆಸರಿಟ್ಟುಕೊಂಡ ಸುಮಾರು 170 ಸಂರಕ್ಷಿತ ಪ್ರದೇಶಗಳಿವೆ. ಅವುಗಳಲ್ಲಿ ಶೇ 40ರಷ್ಟು ಪ್ರದೇಶಗಳು ಒಂದೇ ಒಂದು ಗಂಡು ಹಿಮಚಿರತೆಯ ಓಡಾಟಕ್ಕೂ ಸಾಲುವುದಿಲ್ಲ. ಮಲೆಯ ವನ್ಯಜೀವಿಗಳನ್ನು ಉಳಿಸುವುದು ಹೇಗೆ ಎಂಬ ಚರ್ಚೆ ಶುರುವಾಗಬೇಕಾದದ್ದು ಈ ಲೆಕ್ಕದಿಂದ. ಬೇಲಿ ಹಾಕಿ, ಜನರನ್ನು ಹೊರಗಿಟ್ಟು, ಒಳಗೆ ಪ್ರಾಣಿಗಳನ್ನು ಕಾಯುವ ಪದ್ಧತಿಯಿಂದ ಹುಲಿಗೂ ಖಡ್ಗಮೃಗಕ್ಕೂ ಒಂದಿಷ್ಟು ಉಪಕಾರವಾಗಿರಬಹುದು. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಅದು ನಡೆಯುವುದಿಲ್ಲ.

ಕಾರಣ ಆ ನೆಲದ ಗುಣದಲ್ಲೇ ಇದೆ. ಎತ್ತರದ ಶೀತ ಮರುಭೂಮಿಯಲ್ಲಿ ಹುಲ್ಲು ಬೆಳೆಯುವುದು ವರ್ಷದಲ್ಲಿ ಕೆಲವೇ ತಿಂಗಳು. ಹುಲ್ಲು ವಿರಳವಾದ್ದರಿಂದ ಅದನ್ನು ತಿನ್ನುವ ಭರಲ್, ಐಬೆಕ್ಸ್‌ನಂಥ ಕಾಡುಕುರಿ, ಕಾಡುಮೇಕೆಗಳೂ ವಿರಳ, ಅವುಗಳನ್ನು ತಿನ್ನುವ ಬೇಟೆಪ್ರಾಣಿಗಳು ಇನ್ನೂ ವಿರಳ. ಅದೇ ಹುಲ್ಲಿನ ಮೇಲೆ ಯಾಕ್, ಕುರಿ, ಆಡು, ಕುದುರೆ ಸಾಕುವ ಜನರ ಬದುಕೂ ನಿಂತಿದೆ, ಸಾವಿರಾರು ವರ್ಷಗಳಿಂದ. ಮನುಷ್ಯರು ಬಳಸದ ಹುಲ್ಲುಗಾವಲು ಅಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಚಳಿಗಾಲದಲ್ಲಿ ರಸ್ತೆ ಮುಚ್ಚಿಹೋಗುವ ಕಣಿವೆಗಳಿಗೆ ಅರಣ್ಯ ಇಲಾಖೆಯ ಕಾವಲುಗಾರ ತಲುಪುವಷ್ಟರಲ್ಲಿ ನಡೆಯಬೇಕಾದ್ದೆಲ್ಲ ನಡೆದುಹೋಗಿರುತ್ತದೆ. ಹೀಗಾಗಿ ಮೇಲ್ಮಲೆಯಲ್ಲಿ ವನ್ಯಜೀವಿಯನ್ನು ಕಾಯುವವರೂ ಕೊಲ್ಲುವವರೂ ಒಂದೇ ಊರಿನವರು, ಎಷ್ಟೋ ಸಲ ಒಬ್ಬರೇ. ‘ಸಮುದಾಯ ಆಧಾರಿತ ಸಂರಕ್ಷಣೆ’ ಎಂಬ ಮಾತು ಈಗ ಸರ್ಕಾರಿ ವರದಿಗಳಲ್ಲೂ ದಾನಿ ಸಂಸ್ಥೆಗಳ ಕರಪತ್ರಗಳಲ್ಲೂ ಧಾರಾಳವಾಗಿ ಓಡಾಡುತ್ತಿದೆ. ಆದರೆ ಆ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತಿವೆ. ಒಂದರಲ್ಲಿ ಊರಿನವರಿಗೆ ಲಾಭದ ಪಾಲು ಸಿಗುತ್ತದೆ. ಇನ್ನೊಂದರಲ್ಲಿ ನೆಲ ಮತ್ತು ಪ್ರಾಣಿಗಳ ಬಗ್ಗೆ ತೀರ್ಮಾನಿಸುವ ಅಧಿಕಾರವೇ ಊರಿನ ಕೈಗೆ ಬರುತ್ತದೆ. ಕಳೆದ ನಾಲ್ಕು ದಶಕಗಳ ಅನುಭವವನ್ನು ಒಟ್ಟಿಗಿಟ್ಟು ನೋಡಿದರೆ ಬಾಳಿಕೆ ಬಂದದ್ದು ಎರಡನೆಯದು ಎಂಬುದು ಈ ಲೇಖನದ ವಾದ. ಮೊದಲನೆಯದು ಹಣ ಹರಿದು ಬರುವಷ್ಟು ದಿನ ನಡೆಯುತ್ತದೆ.

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಕಿಬ್ಬರ್ ಗ್ರಾಮದ ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಮುದ್ರಮಟ್ಟದಿಂದ ಸುಮಾರು 4,200 ಮೀಟರ್ ಎತ್ತರದ ಈ ಊರಿನಲ್ಲಿ ವನ್ಯಜೀವಿ ವಿಜ್ಞಾನಿ ಚಾರುದತ್ತ ಮಿಶ್ರ 1990ರ ದಶಕದಲ್ಲಿ ಅಧ್ಯಯನ ನಡೆಸಿದರು. ಹಿಮಚಿರತೆ, ತೋಳಗಳಿಂದ ತಮ್ಮ ಜಾನುವಾರುಗಳಲ್ಲಿ ಶೇ 18ರಷ್ಟನ್ನು ಕಳೆದುಕೊಂಡಿದ್ದೇವೆ ಎಂದು ಊರಿನವರು ಅವರಿಗೆ ತಿಳಿಸಿದರು. ಸರ್ಕಾರದಿಂದ ಸಿಕ್ಕ ಪರಿಹಾರ, ಜನ ಹೇಳಿದ ವಾರ್ಷಿಕ ನಷ್ಟದ ಶೇ 3ರಷ್ಟು ಮಾತ್ರ. ಅದೇ ಅಧ್ಯಯನ ಮತ್ತೊಂದು ಸಂಗತಿಯನ್ನೂ ಮುಚ್ಚಿಡದೆ ಹೇಳಿತು. ಹಿಂದಿನ ಒಂದು ದಶಕದಲ್ಲಿ ಊರಿನ ಜಾನುವಾರು ಸಂಖ್ಯೆಯೇ ವಿಪರೀತ ಏರಿತ್ತು, ಸಂಘರ್ಷ ಬಿಗಡಾಯಿಸಲು ಅದೂ ಕಾರಣವಾಗಿತ್ತು. ಮೇವಿನ ಒತ್ತಡ ಹೆಚ್ಚಿದ ಗುಡ್ಡಗಳಲ್ಲಿ ಭರಲ್‌ಗಳು ಕಡಿಮೆಯಿದ್ದವು, ಹೆಣ್ಣು ಭರಲ್‌ಗಳ ಜೊತೆ ಕಾಣುವ ಮರಿಗಳೂ ಕಡಿಮೆ. ಕಾಡಿನ ಬೇಟೆ ಸಿಗದ ಹಿಮಚಿರತೆ ಕುರಿ ರೊಪ್ಪಕ್ಕೆ ನುಗ್ಗುತ್ತದೆ, ರೊಪ್ಪಕ್ಕೆ ನುಗ್ಗಿದ ಹಿಮಚಿರತೆಯನ್ನು ಜನ ಕೊಲ್ಲುತ್ತಾರೆ. ಈ ಸರಪಳಿಯ ಮೊದಲ ಕೊಂಡಿ ಹುಲ್ಲು. ಆದ್ದರಿಂದ ಮಾತುಕತೆಯೂ ಹುಲ್ಲಿನಿಂದಲೇ ಶುರುವಾಯಿತು.

1990ರ ದಶಕದ ಕೊನೆಯಲ್ಲಿ ಕಿಬ್ಬರ್‌ನ ಗ್ರಾಮಸಭೆ ತನ್ನ ಗೋಮಾಳದ ಸುಮಾರು 500 ಹೆಕ್ಟೇರನ್ನು ಮೇಯಿಸದೆ ಬಿಡಲು ಒಪ್ಪಿತು. ಇದಕ್ಕೆ ಪ್ರತಿಯಾಗಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಊರಿಗೆ ಹಣ ಕೊಟ್ಟಿತು. 1996ರಲ್ಲಿ ಹುಟ್ಟಿದ ಈ ಸಂಸ್ಥೆಯ ಕೇಂದ್ರ ಇರುವುದು ನಮ್ಮ ಮೈಸೂರಿನಲ್ಲಿ. ಹಿಮಾಲಯದ ಕುರಿಗಾಹಿಗಳಿಗೂ ಕಾವೇರಿ ಸೀಮೆಗೂ ನಂಟು ಬೆಳೆದದ್ದು ಹೀಗೆ ಎಂಬುದನ್ನು ಕನ್ನಡಿಗರು ನೆನಪಿಡಬೇಕು. ಈ ಒಪ್ಪಂದದಲ್ಲಿ ಗಮನಿಸಬೇಕಾದ್ದು ಹಣದ ಮೊತ್ತಕ್ಕಿಂತ ಹೆಚ್ಚಾಗಿ ಅದರ ಸ್ವರೂಪ. ಯಾವ ಗುಡ್ಡವನ್ನು ಬಿಡಬೇಕು ಎಂಬ ತೀರ್ಮಾನ ಊರಿನದು. ಕಾವಲಿಗೆ ಯಾರು ಎಂಬುದನ್ನು ಆರಿಸಿದ್ದು ಊರು. ಬಂದ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂದು ನಿಶ್ಚಯಿಸಿದ್ದೂ ಊರು. ಕೆಲವು ವರ್ಷಗಳಲ್ಲಿ ಆ ಜಾಗದಲ್ಲಿ ಭರಲ್‌ಗಳು ಹೆಚ್ಚಿದವು, ಆಮೇಲೆ ಮೇಯಿಸದೆ ಬಿಟ್ಟ ನೆಲವನ್ನು ಸುಮಾರು 2,000 ಹೆಕ್ಟೇರಿಗೆ ವಿಸ್ತರಿಸಲಾಯಿತು. 2002ರಲ್ಲಿ ಅಲ್ಲೇ ಜಾನುವಾರು ವಿಮೆ ಶುರುವಾಯಿತು. ಪ್ರತಿ ಮನೆಯೂ ತನ್ನ ಪ್ರಾಣಿಗಳ ಲೆಕ್ಕದಲ್ಲಿ ಕಂತು ಕಟ್ಟಬೇಕು, ಯಾವ ಸಾವು ನಿಜವಾಗಿ ಹಿಮಚಿರತೆಯಿಂದಾದದ್ದು ಎಂಬುದನ್ನು ಊರಿನದೇ ಸಮಿತಿ ತೀರ್ಮಾನಿಸಬೇಕು. ಎಚ್ಚರದಿಂದ ಮೇಯಿಸಿ ನಷ್ಟ ತಗ್ಗಿಸಿಕೊಂಡ ಕುರಿಗಾಹಿಗೆ ಬಹುಮಾನವೂ ಇತ್ತು. ಸರ್ಕಾರಿ ಪರಿಹಾರ ಯೋಜನೆಗಳು ಸೋಲುವ ಜಾಗ ಯಾವುದೆಂದು ಇದರೊಂದಿಗೆ ಹೋಲಿಸಿದಾಗ ಗೊತ್ತಾಗುತ್ತದೆ. ದೂರದ ಕಚೇರಿಯ ಗುಮಾಸ್ತನಿಗೆ ಸುಳ್ಳು ಅರ್ಜಿ ಯಾವುದು, ನಿಜವಾದದ್ದು ಯಾವುದು ಎಂದು ತಿಳಿಯುವ ದಾರಿಯಿಲ್ಲ. ಆದ್ದರಿಂದ ಆತ ಎಲ್ಲವನ್ನೂ ಅನುಮಾನಿಸುತ್ತಾನೆ, ಎಲ್ಲವನ್ನೂ ತಡ ಮಾಡುತ್ತಾನೆ. ಊರಿನ ಸಮಿತಿಗೆ ಯಾರ ಯಾಕ್ ಎಲ್ಲಿ ಸತ್ತಿತು ಎಂಬುದು ಅದೇ ಸಂಜೆ ಗೊತ್ತಿರುತ್ತದೆ. ಸುಳ್ಳು ಹೇಳಿದರೆ ಪಕ್ಕದ ಮನೆಯವರ ಕಂತಿನ ಹಣವನ್ನೇ ಕದ್ದಂತೆ.

ಲಡಾಖಿನ ಅನುಭವ ಇದಕ್ಕೆ ಇನ್ನೊಂದು ಮುಖ ಸೇರಿಸುತ್ತದೆ. ಸಂದಿಯಿರುವ, ಸೂರಿಲ್ಲದ ರೊಪ್ಪಕ್ಕೆ ಇಳಿದ ಹಿಮಚಿರತೆ ಗಾಬರಿಗೊಂಡು ಓಡಾಡುವ ಕುರಿಗಳ ನಡುವೆ ಒಂದೇ ರಾತ್ರಿಯಲ್ಲಿ ಹತ್ತಾರನ್ನು ಕೊಲ್ಲಬಲ್ಲದು. ಒಂದು ಮನೆಯ ಇಡೀ ಆಸ್ತಿ ಬೆಳಗಾಗುವುದರೊಳಗೆ ಹೋಗಿರುತ್ತದೆ. 2016ರಲ್ಲಿ ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ ಪ್ರಕಟಿಸಿದ ವರದಿಯ ಅಂದಾಜಿನಂತೆ 2008ರಿಂದೀಚೆಗೆ ಜಗತ್ತಿನಲ್ಲಿ ವರ್ಷಕ್ಕೆ 221ರಿಂದ 450 ಹಿಮಚಿರತೆಗಳು ಮನುಷ್ಯರಿಂದ ಸತ್ತಿವೆ. ಅರ್ಧಕ್ಕಿಂತ ಹೆಚ್ಚಿನವು ಜಾನುವಾರು ಕೊಂದದ್ದಕ್ಕೆ ಪ್ರತೀಕಾರವಾಗಿ. ಚರ್ಮದ ಆಸೆಗೆಂದೇ ಕೊಂದವುಗಳ ಪಾಲು ಅದಕ್ಕಿಂತ ಬಹಳ ಕಡಿಮೆ. ಹಾಗಿದ್ದ ಮೇಲೆ ರೊಪ್ಪಕ್ಕೆ ತಂತಿಬಲೆಯ ಸೂರು, ಗಟ್ಟಿ ಬಾಗಿಲು ಕೂರಿಸುವ ಸಣ್ಣ ಕೆಲಸ ಎಷ್ಟೋ ಗಸ್ತುಗಳಿಗೆ ಸಮ. ರಿನ್‌ಚೆನ್ ವಾಂಗ್‌ಚುಕ್ ಮತ್ತು ಅವರ ಸಂಗಾತಿಗಳು ಹೆಮಿಸ್ ರಾಷ್ಟ್ರೀಯ ಉದ್ಯಾನದ ಊರುಗಳಲ್ಲಿ ಮಾಡಿದ್ದು ಇದನ್ನೇ. ಸಾಮಗ್ರಿಯನ್ನು ಅವರ ಸಂಸ್ಥೆ ತಂದಿತು, ಕಲ್ಲುಗೋಡೆ ಕಟ್ಟಿದವರು ಊರಿನವರು. ರುಂಬಕ್‌ನಂಥ ಹಳ್ಳಿಗಳಲ್ಲಿ ಈ ಶತಮಾನದ ಆರಂಭದಲ್ಲಿ ಹೋಮ್‌ಸ್ಟೇಗಳು ಶುರುವಾದಾಗ ಅತಿಥಿಗಳನ್ನು ಮನೆಮನೆಗೆ ಸರದಿಯಂತೆ ಕಳಿಸುವ, ಆದಾಯದ ಹತ್ತನೇ ಒಂದು ಪಾಲನ್ನು ಊರಿನ ಸಂರಕ್ಷಣಾ ನಿಧಿಗೆ ಕಟ್ಟುವ ನಿಯಮಗಳಿದ್ದವು. ಮನೆ ನಡೆಸುವ ಹೆಂಗಸರ ಕೈಗೇ ಹಣ ಬಂದದ್ದು ಅದರ ದೊಡ್ಡ ಗುಣ.

ತೋಳದ ವಿಷಯ ಇನ್ನೂ ಕಠಿಣ. ಹಿಮಚಿರತೆಗೆ ಒಂದು ಸೊಬಗಿನ ಹೆಸರಿದೆ, ಪ್ರವಾಸಿಗರಿದ್ದಾರೆ. ತೋಳವನ್ನು ನೋಡಲು ಯಾರೂ ಹಣ ಕೊಡುವುದಿಲ್ಲ. ಲಡಾಖಿನ ಊರುಗಳ ಹೊರಗೆ ಶಾಂಗ್‌ಡೊಂಗ್ ಎಂಬ, ಬಾಯಿ ಕಿರಿದಾಗಿ ತಳ ಅಗಲವಾಗಿರುವ ಕಲ್ಲಿನ ಗುಂಡಿಗಳಿವೆ. ಆಡನ್ನು ಒಳಗಿಟ್ಟು ತೋಳವನ್ನು ಸೆಳೆದು, ಮೇಲೇರಲಾಗದೆ ಸಿಕ್ಕಿಬಿದ್ದ ಪ್ರಾಣಿಯನ್ನು ಊರೆಲ್ಲ ಸೇರಿ ಕಲ್ಲೆಸೆದು ಕೊಲ್ಲುವ ಬೋನುಗಳವು. 2018ರಲ್ಲಿ ಚುಶುಲ್‌ನ ಜನ ತಮ್ಮ ಗುಂಡಿಗಳ ಗೋಡೆಗೆ ಪ್ರಾಣಿ ಹೊರಬರುವಂತೆ ದಾರಿ ಮಾಡಿ, ಪಕ್ಕದಲ್ಲಿ ಬೌದ್ಧ ಸ್ತೂಪ ಕಟ್ಟಿದರು. ಗುಂಡಿಯನ್ನು ಕೆಡವಲಿಲ್ಲ, ಅದು ಹಿರಿಯರು ಕಟ್ಟಿದ್ದು. ಕೊಲ್ಲುವ ಶಕ್ತಿಯನ್ನಷ್ಟೇ ಅದರಿಂದ ತೆಗೆದರು. ಹೊರಗಿನ ಅಧಿಕಾರಿಯೊಬ್ಬ ಆದೇಶ ಹೊರಡಿಸಿದ್ದರೆ ಇಂಥ ಪರಿಹಾರ ಹೊಳೆಯುತ್ತಿರಲಿಲ್ಲ. ಟಿಬೆಟ್ ಪ್ರಸ್ಥಭೂಮಿಯ ಸಂಜಿಯಾಂಗ್ಯುವಾನ್ ಪ್ರದೇಶದಲ್ಲಿ ನಡೆದ ಅಧ್ಯಯನವೊಂದು, ಅಲ್ಲಿನ ಬೌದ್ಧ ಮಠಗಳು ತಮ್ಮ ಪವಿತ್ರ ಬೆಟ್ಟಗಳ ಮೂಲಕ ಕಾಯಬಲ್ಲ ಹಿಮಚಿರತೆಯ ನೆಲೆ ಸರ್ಕಾರಿ ಮೀಸಲಿನ ಒಳವಲಯಗಳಿಗಿಂತ ದೊಡ್ಡದು ಎಂದು ತೋರಿಸಿತ್ತು. ಹಾಗೆಂದು ಧರ್ಮವೊಂದೇ ಸಾಕು ಎಂದು ಯಾರೂ ಭಾವಿಸಬಾರದು, ಶಾಂಗ್‌ಡೊಂಗ್‌ಗಳನ್ನು ಕಟ್ಟಿದವರೂ ಬೌದ್ಧರೇ. ಊರು ತನ್ನ ನಂಬಿಕೆಯ ಒಳಗಿನಿಂದಲೇ ಹೊಸ ನಿಯಮಕ್ಕೆ ದಾರಿ ಹುಡುಕಿಕೊಂಡಿತು ಎಂಬುದಷ್ಟೇ ಇಲ್ಲಿನ ಸಾಕ್ಷ್ಯ.

ಹಿಮಾಲಯದಿಂದ ಪಶ್ಚಿಮಕ್ಕೆ ಸರಿದರೆ ಹೆಚ್ಚು ಕಸಿವಿಸಿ ಹುಟ್ಟಿಸುವ ಉದಾಹರಣೆ ಸಿಗುತ್ತದೆ. ಪಾಕಿಸ್ತಾನದ ಬಲೂಚಿಸ್ತಾನದ ತೋರ್‌ಘರ್ ಬೆಟ್ಟಗಳಲ್ಲಿ ಸುರುಳಿಕೊಂಬಿನ ಮಾರ್ಖೋರ್ ಮೇಕೆ 1980ರ ದಶಕದ ಮಧ್ಯದಲ್ಲಿ ನೂರಕ್ಕೂ ಕಡಿಮೆ ಉಳಿದಿತ್ತು ಎಂಬ ಅಂದಾಜಿತ್ತು. ಅಫ್ಘಾನ್ ಯುದ್ಧದಿಂದಾಗಿ ಸ್ವಯಂಚಾಲಿತ ಬಂದೂಕುಗಳು ಮನೆಮನೆಗೂ ಬಂದಿದ್ದ ಕಾಲ ಅದು. ಅಲ್ಲಿನ ಪಠಾಣ ಬುಡಕಟ್ಟು ತಾನೇ ಬೇಟೆಗೆ ನಿಷೇಧ ಹೇರಿಕೊಂಡಿತು, ಬೇಟೆಗಾರರನ್ನೇ ಕಾವಲಿಗೆ ನೇಮಿಸಿತು. ಆ ಸಂಬಳಕ್ಕಾಗಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮುದಿ ಗಂಡುಗಳನ್ನು ಹೊರದೇಶದ ಶ್ರೀಮಂತ ಬೇಟೆಗಾರರಿಗೆ ಮಾರಿತು. ಇಪ್ಪತ್ತು ವರ್ಷಗಳಲ್ಲಿ ಆ ಬೆಟ್ಟದ ಮಾರ್ಖೋರ್ ಸಂಖ್ಯೆ ಎರಡು ಸಾವಿರ ದಾಟಿತು. 1997ರಲ್ಲಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ದೇಶಗಳು ಪಾಕಿಸ್ತಾನಕ್ಕೆ ವರ್ಷಕ್ಕೆ ಆರು ಮಾರ್ಖೋರ್‌ಗಳ ರಫ್ತು ಮಿತಿ ಕೊಟ್ಟವು, 2002ರಲ್ಲಿ ಅದು ಹನ್ನೆರಡಾಯಿತು. ಪರವಾನಗಿ ಹಣದ ಶೇ 80 ಊರಿಗೆ, ಶೇ 20 ಸರ್ಕಾರಕ್ಕೆ. ಈಚಿನ ವರ್ಷಗಳಲ್ಲಿ ಕೆಲವು ಪರವಾನಗಿಗಳು ಒಂದು ಲಕ್ಷ ಡಾಲರಿಗಿಂತ ಹೆಚ್ಚಿಗೆ ಹರಾಜಾಗಿವೆ. 2015ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಮಾರ್ಖೋರ್ ‘ಅಳಿವಿನಂಚಿನ’ ವರ್ಗದಿಂದ ಎರಡು ಮೆಟ್ಟಿಲು ಇಳಿದು ‘ಅಪಾಯದ ಸಮೀಪ’ದ ವರ್ಗಕ್ಕೆ ಬಂತು.

ಪ್ರಾಣಿಯನ್ನು ಉಳಿಸಲು ಪ್ರಾಣಿಯನ್ನೇ ಕೊಲ್ಲುವುದೇ ಎಂಬ ಆಕ್ಷೇಪವನ್ನು ತಳ್ಳಿಹಾಕುವುದು ತಪ್ಪು. ಕೊಂಬಿನ ಅಂದಕ್ಕೆ ಬೆಲೆ ಕಟ್ಟಿ ಜೀವ ತೆಗೆಯುವುದನ್ನು ನೋಡಿ ಹಿಂಸೆಯಾಗದ ಮನಸ್ಸು ಒಳ್ಳೆಯ ಮನಸ್ಸಲ್ಲ. ಭಾರತದ ಕಾಯ್ದೆ ಇದಕ್ಕೆ ಅವಕಾಶ ಕೊಡುವುದಿಲ್ಲ, ಕೊಡಬೇಕೆಂದು ನಾನು ಕೇಳುವುದೂ ಇಲ್ಲ. ಆದರೆ ತೋರ್‌ಘರ್‌ನ ಗೆಲುವನ್ನು ಬೇಟೆಯ ಹಣದ ಗೆಲುವು ಎಂದು ಓದುವುದೇ ಅರ್ಧ ಓದು. ಬೇಟೆಯ ಹಣ ಅದಕ್ಕಿಂತ ಮೊದಲೂ ಎಷ್ಟೋ ದೇಶಗಳ ಖಜಾನೆಗೆ ಹರಿದಿತ್ತು, ಪ್ರಾಣಿಗಳು ಉಳಿಯಲಿಲ್ಲ. ತೋರ್‌ಘರ್‌ನಲ್ಲಿ ಹೊಸದಾಗಿದ್ದದ್ದು ಬೆಟ್ಟ ತಮ್ಮದು, ನಿಯಮ ತಮ್ಮದು, ಮುರಿದವನನ್ನು ಹಿಡಿಯುವ ಹಕ್ಕೂ ತಮ್ಮದು ಎಂಬ ಬುಡಕಟ್ಟಿನ ತೀರ್ಮಾನ. ಕೊಲ್ಲದೆಯೂ ಅದೇ ಫಲ ಸಿಕ್ಕ ಉದಾಹರಣೆ ಆಂಡೀಸ್ ಪರ್ವತಗಳಲ್ಲಿದೆ.

ಒಂಟೆಯ ಬಳಗದ ವಿಕುನ್ಯಾ ಜಗತ್ತಿನ ಅತಿ ನವಿರು ಉಣ್ಣೆಯ ಪ್ರಾಣಿ. 1960ರ ದಶಕದಲ್ಲಿ ಬೇಟೆಯಿಂದಾಗಿ ಅದು ಕೆಲವು ಸಾವಿರಕ್ಕೆ ಇಳಿದಿತ್ತು. ಪೆರು ಪಂಪಾ ಗಲೇರಾಸ್‌ನಲ್ಲಿ ಮೀಸಲು ಪ್ರದೇಶ ಮಾಡಿತು, 1969ರಲ್ಲಿ ಲಾ ಪಾಸ್‌ನಲ್ಲಿ ಆಂಡೀಸ್ ದೇಶಗಳು ಒಪ್ಪಂದಕ್ಕೆ ಬಂದವು, ಸಂಖ್ಯೆ ಚೇತರಿಸಿತು. ಆದರೆ 1980ರ ದಶಕದಲ್ಲಿ ‘ಶೈನಿಂಗ್ ಪಾತ್’ ಬಂಡಾಯದ ಹಿಂಸೆ ಮಲೆನಾಡಿಗೆ ಹಬ್ಬಿ ಸರ್ಕಾರಿ ಕಾವಲುಗಾರರು ಹಿಂದೆಗೆದಾಗ ಕಳ್ಳಬೇಟೆ ಮರಳಿತು, ಪ್ರಾಣಿಗಳು ಮತ್ತೆ ಕುಸಿದವು. ಸರ್ಕಾರವೊಂದೇ ಕಾಯುತ್ತಿದ್ದರೆ ಸರ್ಕಾರ ಹಿಂದೆ ಸರಿದ ದಿನವೇ ಕಾವಲೂ ಮುಗಿಯುತ್ತದೆ. ಪೆರು ಈ ಪಾಠ ಕಲಿತು 1995ರ ಕಾಯ್ದೆಯಲ್ಲಿ ತಮ್ಮ ನೆಲದ ಮೇಲಿನ ವಿಕುನ್ಯಾಗಳ ಉಪಯೋಗದ ಹಕ್ಕನ್ನು ರೈತ ಸಮುದಾಯಗಳಿಗೇ ಕೊಟ್ಟಿತು. ಈಗ ಊರಿನವರೆಲ್ಲ ಕೈಕೈ ಹಿಡಿದು ಬಯಲನ್ನು ಸುತ್ತುವರಿದು, ಪ್ರಾಣಿಗಳನ್ನು ಮೆಲ್ಲನೆ ಒಂದೆಡೆ ಸೇರಿಸಿ, ಉಣ್ಣೆ ಕತ್ತರಿಸಿ ಬಿಟ್ಟುಬಿಡುತ್ತಾರೆ. ಇಂಕಾ ಕಾಲದ ಈ ಪದ್ಧತಿಯ ಹೆಸರು ‘ಚಾಕ್ಕು’. ಪೆರುವಿನ 2012ರ ಗಣತಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ವಿಕುನ್ಯಾಗಳಿದ್ದವು. ಕೊರತೆಯೂ ಇದೆ. ಇಟಲಿಯ ಅಂಗಡಿಗಳಲ್ಲಿ ಸಾವಿರಾರು ಡಾಲರಿಗೆ ಮಾರುವ ಕೋಟಿನ ಬೆಲೆಯಲ್ಲಿ ಉಣ್ಣೆ ಕತ್ತರಿಸಿದ ಊರಿಗೆ ದಕ್ಕುವುದು ಚೂರು. ಪ್ರಾಣಿಯ ಮೇಲಿನ ಹಕ್ಕು ಸಿಕ್ಕಿತು, ಮಾರುಕಟ್ಟೆಯ ಮೇಲಿನ ಹಿಡಿತ ಸಿಗಲಿಲ್ಲ.

ಅಧಿಕಾರ ಊರಿನ ಕೈಯಲ್ಲಿರಬೇಕೆಂಬ ವಾದಕ್ಕೆ ವಿರುದ್ಧವಾದ ಸಾಕ್ಷ್ಯವೆಂದು ತೋರಿಸಬಹುದಾದದ್ದು ಆಫ್ರಿಕಾದ ಪರ್ವತ ಗೊರಿಲ್ಲಾ. 1980ರ ದಶಕದ ಆರಂಭದಲ್ಲಿ ವಿರುಂಗಾ ಬೆಟ್ಟಗಳಲ್ಲಿ ಸುಮಾರು 250 ಉಳಿದಿದ್ದವು. ಈಚಿನ ಗಣತಿಯಂತೆ ವಿರುಂಗಾ ಮತ್ತು ಉಗಾಂಡಾದ ಬ್ವಿಂಡಿ ಕಾಡು ಎರಡೂ ಸೇರಿ 1,063. 2018ರಲ್ಲಿ ಅದು ಅತ್ಯಂತ ಗಂಭೀರ ಅಪಾಯದ ವರ್ಗದಿಂದ ಹೊರಬಂತು. ಇಲ್ಲಿ ಅಧಿಕಾರ ಊರಿನ ಕೈಗೆ ಹೋಗಲಿಲ್ಲ. ಕಟ್ಟುನಿಟ್ಟಿನ ಉದ್ಯಾನ, ಪಶುವೈದ್ಯರು, ಪ್ರತಿದಿನದ ಕಾವಲು, ದುಬಾರಿ ಪ್ರವಾಸ, ಇವುಗಳಿಂದಲೇ ಗೆಲುವು ಬಂತು. ರುವಾಂಡಾ 2017ರಲ್ಲಿ ಗೊರಿಲ್ಲಾ ನೋಡುವ ಪರವಾನಗಿಯನ್ನು 1,500 ಡಾಲರಿಗೆ ಏರಿಸಿತು, ಉದ್ಯಾನಗಳ ಆದಾಯದಲ್ಲಿ ಸುತ್ತಲಿನ ಊರುಗಳ ಪಾಲನ್ನು ಶೇ 5ರಿಂದ ಶೇ 10ಕ್ಕೆ ಹೆಚ್ಚಿಸಿತು. ಈ ಸಾಧನೆ ದೊಡ್ಡದು, ಒಪ್ಪಲೇಬೇಕು. ಆದರೆ ಎರಡು ಮಾತುಗಳನ್ನು ಮರೆಯುವಂತಿಲ್ಲ. ಕೆಲವೇ ನೂರು ಚದರ ಕಿಲೋಮೀಟರಿನ ಕಾಡಿನಲ್ಲಿ, ಪ್ರತಿ ಗುಂಪನ್ನೂ ದಿನವೂ ಹಿಂಬಾಲಿಸಬಹುದಾದ ಪ್ರಾಣಿಗೆ ಸಾಧ್ಯವಾದದ್ದು, ಹನ್ನೆರಡು ದೇಶಗಳ ಬಂಡೆಗಳಲ್ಲಿ ಕರಗಿಹೋಗುವ ಹಿಮಚಿರತೆಗೆ ಸಾಧ್ಯವಿಲ್ಲ. ಎರಡನೆಯದಾಗಿ, ಬ್ವಿಂಡಿ 1991ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿನ ಮೂಲನಿವಾಸಿ ಬಟ್ವಾ ಜನ ತಮ್ಮ ಕಾಡು ಕಳೆದುಕೊಂಡು, ನೆಲವೂ ಇಲ್ಲದೆ ಹೊರಬಿದ್ದರು. ಗೊರಿಲ್ಲಾಗಳ ಸಂಖ್ಯೆಯನ್ನು ಬರೆಯುವ ಸಾಲಿನಲ್ಲೇ ಆ ಜನರನ್ನೂ ಬರೆಯಬೇಕು. ಪ್ರವಾಸದ ಮೇಲೆ ನಿಂತ ವ್ಯವಸ್ಥೆ ಎಷ್ಟು ನಾಜೂಕು ಎಂಬುದು ಕೋವಿಡ್ ಕಾಲದಲ್ಲಿ ಕಂಡಿತು. ಪ್ರವಾಸ ನಿಂತ 2020ರ ಜೂನ್‌ನಲ್ಲಿ ಬ್ವಿಂಡಿಯ ಹೆಸರಾಂತ ಗಂಡು ಗೊರಿಲ್ಲಾ ರಫೀಕಿ ಕಾಡಿಗೆ ನುಗ್ಗಿದ ಬೇಟೆಗಾರನ ಭರ್ಜಿಗೆ ಸತ್ತಿತು.

ಅಧಿಕಾರವನ್ನು ಊರಿಗೆ ಕೊಡಿ ಎಂದಾಗ ಎದುರಾಗುವ ಬಲವಾದ ಆಕ್ಷೇಪ, ಊರು ಎಂದರೆ ಯಾರು ಎಂಬುದು. ಊರಿನಲ್ಲಿ ಹೆಚ್ಚು ಯಾಕ್ ಇರುವವನೂ ಇದ್ದಾನೆ, ನಾಲ್ಕು ಆಡು ಸಾಕುವ ವಿಧವೆಯೂ ಇದ್ದಾಳೆ. ಗೋಮಾಳ ಬಿಟ್ಟುಕೊಡುವ ತೀರ್ಮಾನ ದೊಡ್ಡವನದು, ಅದರ ನಷ್ಟ ಚಿಕ್ಕವಳದು ಆಗಬಹುದು. ತೋರ್‌ಘರ್‌ನಂಥ ಕಡೆ ಬುಡಕಟ್ಟಿನ ಸಭೆಯಲ್ಲಿ ಹೆಂಗಸರಿಗೆ ಸ್ಥಾನವೇ ಇಲ್ಲ. ಬಾಲ್ಟಿಸ್ತಾನದಲ್ಲಿ 1999ರಲ್ಲಿ ಆಡುಗಳಿಗೆ ವಿಮೆ ಶುರುಮಾಡಿದ ಶಫ್ಕತ್ ಹುಸೇನ್ ಆಮೇಲೆ ಬರೆದ ಪುಸ್ತಕದಲ್ಲಿ ಇನ್ನೂ ಆಳದ ಮಾತೆತ್ತುತ್ತಾರೆ. ಹಿಮಚಿರತೆ ಉಳಿದಿರುವುದೇ ಬಡ ಪಶುಪಾಲಕರ ಆಡುಗಳನ್ನು ತಿಂದು, ಸಂರಕ್ಷಣೆಯ ನಿಜವಾದ ಖರ್ಚನ್ನು ಹೊರುತ್ತಿರುವವರು ಅವರು, ಆದರೂ ಅವರನ್ನು ಪ್ರಾಣಿಗೆ ಕಂಟಕರೆಂದೇ ಲೋಕ ನೋಡುತ್ತದೆ ಎಂಬುದು ಅವರ ವಾದದ ತಿರುಳು. ಈ ಟೀಕೆಗಳೆಲ್ಲ ನಿಜ. ಆದರೆ ಊರಿನೊಳಗಿನ ಅಸಮಾನತೆಗೆ ಅರಣ್ಯ ಇಲಾಖೆಗೆ ಅಧಿಕಾರ ಕೊಡುವುದು ಮದ್ದಲ್ಲ. ಇಲಾಖೆಯೊಂದಿಗೆ ಒಪ್ಪಂದ ಕುದುರಿಸಿಕೊಳ್ಳಬಲ್ಲವನೂ ಆ ದೊಡ್ಡ ಯಾಕ್‌ಗಳ ಯಜಮಾನನೇ. ಕಂತು, ಕಾವಲು, ಖರ್ಚಿನ ಲೆಕ್ಕ ಊರಿನ ಎದುರು ತೆರೆದಿರಬೇಕು, ಹಣ ಹೆಂಗಸರ ಕೈ ಸೇರುವ ದಾರಿಗಳಿರಬೇಕು. ಕಿಬ್ಬರ್‌ನಲ್ಲಿ ಊರಿನ ಯುವಕರು ಕ್ಯಾಮೆರಾ ಟ್ರ್ಯಾಪ್ ಕಟ್ಟುವುದನ್ನು ಕಲಿತು ರಾಜ್ಯದ ಹಿಮಚಿರತೆ ಸಮೀಕ್ಷೆಯಲ್ಲಿ ದುಡಿದರು, ನಂತರ ಹೆಣ್ಣುಮಕ್ಕಳೂ ಆ ಕೆಲಸಕ್ಕೆ ಇಳಿದರು. ಮಾಹಿತಿ ಯಾರ ಬಳಿ ಇದೆಯೋ ಸಭೆಯಲ್ಲಿ ಅವರ ಮಾತಿಗೆ ತೂಕ ಬರುತ್ತದೆ.

ಎರಡನೆಯ ಆಕ್ಷೇಪ ಇನ್ನೂ ದೊಡ್ಡದು. ಗಣಿ, ಹೆದ್ದಾರಿ, ಜಾಗತಿಕ ಮಾರುಕಟ್ಟೆ, ಬಿಸಿಯೇರುತ್ತಿರುವ ಹವಾಮಾನ, ಇವುಗಳ ಮುಂದೆ ಒಂದು ಹಳ್ಳಿಯ ಸಭೆ ಏನು ಮಾಡೀತು? ಮಂಗೋಲಿಯಾದಲ್ಲಿ 1990ರಲ್ಲಿ ಸುಮಾರು 2.6 ಕೋಟಿ ಇದ್ದ ಜಾನುವಾರುಗಳು 2019ರ ಹೊತ್ತಿಗೆ ಏಳು ಕೋಟಿ ದಾಟಿದವು. ಕ್ಯಾಶ್ಮೀರ್ ಉಣ್ಣೆಗೆ ಜಗತ್ತು ತೋರಿದ ಆಸೆ ಅದಕ್ಕೆ ಮುಖ್ಯ ಕಾರಣ. ದೂರದ ನಗರಗಳ ಅಗ್ಗದ ಸ್ವೆಟರ್‌ಗಾಗಿ ಆಡುಗಳು ಮೇಯುವಲ್ಲಿ ಕಾಡುಕುರಿಗೆ ಹುಲ್ಲು ಉಳಿಯುವುದಿಲ್ಲ. ಇದನ್ನು ಹಳ್ಳಿಯೊಂದು ತಡೆಯಲಾರದು, ನಿಜ. ಆದರೆ ಅದೇ ಮಂಗೋಲಿಯಾದ ತೊಸ್ತ್‌ನ ಕತೆ ಕೇಳಬೇಕು. ಬಯರ್‌ಜರ್ಗಲ್ ಅಗ್ವಾಂತ್ಸೆರೆನ್ 1990ರ ದಶಕದ ಕೊನೆಯಿಂದ ಕುರಿಗಾಹಿ ಹೆಂಗಸರ ಉಣ್ಣೆ ಕೈಗೆಲಸವನ್ನು ಸಂಘಟಿಸಿದರು. ಒಪ್ಪಂದ ಹೀಗಿತ್ತು: ಆ ಸಮುದಾಯದ ವ್ಯಾಪ್ತಿಯಲ್ಲಿ ವರ್ಷವಿಡೀ ಹಿಮಚಿರತೆಯಾಗಲಿ ಅದರ ಬೇಟೆಯಾಗಲಿ ಸಾಯದಿದ್ದರೆ ಎಲ್ಲರಿಗೂ ಶೇ 20 ಹೆಚ್ಚುವರಿ ಹಣ, ಯಾರೊಬ್ಬರು ಕೊಂದರೂ ಎಲ್ಲರಿಗೂ ನಷ್ಟ. ಹೀಗೆ ಒಟ್ಟಿಗೆ ತೀರ್ಮಾನಿಸುವುದನ್ನು ರೂಢಿಸಿಕೊಂಡ ಜನ ತಮ್ಮ ಬೆಟ್ಟಗಳಿಗೆ ಗಣಿ ಪರವಾನಗಿಗಳು ಬಂದಾಗ ಎದ್ದು ನಿಂತರು. 2016ರಲ್ಲಿ ಮಂಗೋಲಿಯಾದ ಸಂಸತ್ತು ತೊಸ್ತ್ ತೊಸೊನ್‌ಬುಂಬಾವನ್ನು ಸುಮಾರು 7,300 ಚದರ ಕಿಲೋಮೀಟರಿನ ಪ್ರಕೃತಿ ಮೀಸಲೆಂದು ಘೋಷಿಸಿತು. ನಂತರ ಅದರೊಳಗಿನ 37 ಗಣಿ ಪರವಾನಗಿಗಳು ರದ್ದಾದವು. 2019ರಲ್ಲಿ ಬಯರ್‌ಜರ್ಗಲ್ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ದೊಡ್ಡ ಶಕ್ತಿಗಳ ಎದುರು ಊರು ದುರ್ಬಲ ಎಂಬುದಕ್ಕೆ ಇದು ಪೂರ್ತಿ ಉತ್ತರವಲ್ಲ. ಆದರೆ ಗಣಿಗೆ ಎದುರು ನಿಲ್ಲಲು ಅಲ್ಲಿ ಇನ್ನಾರೂ ಇರಲಿಲ್ಲ.

ಮೂರನೆಯದು ಸಾಕ್ಷ್ಯದ ಪ್ರಶ್ನೆ, ವಿಜ್ಞಾನಿಗಳೇ ಎತ್ತುವ ಪ್ರಶ್ನೆ. ಹಿಮಚಿರತೆಯ ಜಾಗತಿಕ ನೆಲೆಯಲ್ಲಿ ಸರಿಯಾದ ಕ್ರಮದಲ್ಲಿ ಎಣಿಕೆ ನಡೆದದ್ದು ಬಹಳ ಕಾಲ ಶೇ 2ನ್ನೂ ಮೀರಿರಲಿಲ್ಲ, ಅದೂ ಪ್ರಾಣಿಗಳು ಹೆಚ್ಚಿದ್ದ ಜಾಗಗಳಲ್ಲೇ. 2017ರಲ್ಲಿ ಐಯುಸಿಎನ್ ಅದನ್ನು ‘ಅಳಿವಿನಂಚಿನ’ ವರ್ಗದಿಂದ ‘ದುರ್ಬಲ’ ವರ್ಗಕ್ಕೆ ಇಳಿಸಿದಾಗ ಎದ್ದ ಜಗಳದ ಮೂಲ ಇದೇ. ಭಾರತ 2019ರಿಂದ 2023ರವರೆಗೆ ಮೊದಲ ಬಾರಿಗೆ ರಾಷ್ಟ್ರಮಟ್ಟದ ಎಣಿಕೆ ನಡೆಸಿ 718 ಎಂಬ ಅಂದಾಜಿಗೆ ಬಂತು. ಅದರಲ್ಲಿ ಲಡಾಖ್ ಒಂದರಲ್ಲೇ 477. ಮೊದಲ ಎಣಿಕೆಯಿಂದ ಏರಿತೋ ಇಳಿಯಿತೋ ಎಂದು ಹೇಳಲಾಗದು, ಹೋಲಿಸಲು ಹಿಂದಿನದು ಬೇಕಲ್ಲ. ಸಮುದಾಯದ ಕೆಲಸದಿಂದ ಭರಲ್ ಹೆಚ್ಚಿತು, ರೊಪ್ಪದ ಸಾವು ತಗ್ಗಿತು ಎಂದು ಖಚಿತವಾಗಿ ಹೇಳಬಹುದು, ಆದರೆ ಅದರಿಂದ ಇಡೀ ನಾಡಿನ ಹಿಮಚಿರತೆ ಹೆಚ್ಚಿತು ಎಂದು ಹೇಳಲು ಆಧಾರ ಸಾಲದು. ಇನ್ನೊಂದು ಅಹಿತಕರ ಸತ್ಯವೂ ಇದೆ. ಕುಲಭೂಷಣ್ ಸೂರ್ಯವಂಶಿ ಮತ್ತು ಜೊತೆಗಾರರ ಅಧ್ಯಯನದಂತೆ, ಕಾಡಿನ ಬೇಟೆ ಹೆಚ್ಚಿದ ಕಡೆ ಹಿಮಚಿರತೆಗಳ ಸಂಖ್ಯೆಯೂ ಏರುತ್ತದೆ, ಆಗ ಜಾನುವಾರು ನಷ್ಟವೂ ಏರಬಹುದು. ಅಂದರೆ ಗೋಮಾಳ ಬಿಟ್ಟುಕೊಟ್ಟ ಊರು ತನ್ನ ಒಳ್ಳೆಯತನಕ್ಕೆ ದಂಡ ತೆರಬೇಕಾದೀತು. ಮೇವು, ರೊಪ್ಪ, ವಿಮೆ ಮೂರೂ ಒಟ್ಟಿಗಿರಬೇಕೆನ್ನುವುದು ಇದಕ್ಕಾಗಿ. ಸ್ಪಿತಿ, ಲಡಾಖಿನಲ್ಲಿ ಪ್ರವಾಸ ಮತ್ತು ಸೇನಾ ಶಿಬಿರಗಳ ಎಂಜಲಿನಲ್ಲಿ ಬೆಳೆದ ಬೀದಿನಾಯಿಗಳ ಹಿಂಡು ಈಗ ಜಾನುವಾರುಗಳನ್ನೂ ಕಾಡುಪ್ರಾಣಿಗಳನ್ನೂ ಕೊಲ್ಲುತ್ತಿದೆ. ಆ ನಷ್ಟಕ್ಕೆ ಯಾವ ವನ್ಯಜೀವಿ ಯೋಜನೆಯೂ ಹೊಣೆಯಲ್ಲ.

ಪೂರ್ವ ಹಿಮಾಲಯದಲ್ಲಿ, ಅಧಿಕಾರ ಊರಿಗೇ ಇರಬೇಕೆಂಬ ವಾದಕ್ಕೆ ಪುಟ್ಟದೊಂದು ಹಕ್ಕಿಯ ಸಾಕ್ಷ್ಯವಿದೆ. ಅರುಣಾಚಲದ ಈಗಲ್‌ನೆಸ್ಟ್ ಬಳಿ ರಮಣ ಆತ್ರೇಯ ಕಂಡು 2006ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಬುಗುನ್ ಲಿಯೊಸಿಕ್ಲಾಗೆ ಅಲ್ಲಿನ ಬುಗುನ್ ಬುಡಕಟ್ಟಿನ ಹೆಸರಿಡಲಾಯಿತು. ತೀರಾ ಕೆಲವೇ ಹಕ್ಕಿಗಳಿದ್ದುದರಿಂದ ಮಾದರಿಗಾಗಿ ಒಂದನ್ನೂ ಕೊಲ್ಲದೆ ವಿವರಿಸಿದ ಹಕ್ಕಿ ಇದು. ಸಿಂಗ್‌ಚುಂಗ್‌ನ ಬುಗುನ್ ಜನ 2017ರಲ್ಲಿ ತಮ್ಮ 17 ಚದರ ಕಿಲೋಮೀಟರ್ ಕಾಡನ್ನು ಸಮುದಾಯ ಮೀಸಲೆಂದು ಘೋಷಿಸಲು ಒಪ್ಪಿದರು. ನಾಗಾಲ್ಯಾಂಡಿನ ಖೊನೊಮಾ 1998ರಲ್ಲೇ ಬೇಟೆ ನಿಲ್ಲಿಸಿ ಟ್ರಾಗೊಪನ್ ಹಕ್ಕಿಗಾಗಿ ಅಭಯಧಾಮ ಮಾಡಿಕೊಂಡಿತ್ತು. ಅಲ್ಲಿ ಇದು ಸುಲಭವಾದದ್ದಕ್ಕೆ ಕಾರಣ ಕಾಡಿನ ಒಡೆತನ. ಈಶಾನ್ಯದ ಬೆಟ್ಟಗಳಲ್ಲಿ ಕಾಡು ಬಹುಪಾಲು ಬುಡಕಟ್ಟಿನದೇ. ನೇಪಾಳ ಇನ್ನೂ ಮುಂದೆ ಹೋಗಿ 2006ರ ಸೆಪ್ಟೆಂಬರ್‌ನಲ್ಲಿ ಕಾಂಚನಜುಂಗಾ ಸಂರಕ್ಷಣಾ ಪ್ರದೇಶದ ಆಡಳಿತವನ್ನೇ ಸ್ಥಳೀಯರ ಮಂಡಳಿಗೆ ಒಪ್ಪಿಸಿತು. ಆ ಹಸ್ತಾಂತರ ಮುಗಿಸಿ ಘುನ್ಸಾದಿಂದ ಹೊರಟ ಹೆಲಿಕಾಪ್ಟರ್ ಬಿದ್ದು 24 ಮಂದಿ ಸತ್ತರು. ಆ ದೇಶದ ಸಮುದಾಯ ಸಂರಕ್ಷಣೆಯನ್ನು ಕಟ್ಟಿದ ಚಂದ್ರ ಗುರುಂಗ್, ಮಿಂಗ್ಮಾ ನೋರ್ಬು ಶೆರ್ಪಾ ಅವರಲ್ಲಿದ್ದರು. ಆದರೂ ಆ ಮಂಡಳಿ ಉಳಿಯಿತು.

ಭಾರತದ ಕಾನೂನಿನ ಕೊರತೆ ಇಲ್ಲೇ ಕಾಣುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿ ‘ಸಮುದಾಯ ಮೀಸಲು’ ಎಂಬ ವರ್ಗವನ್ನು ಸೇರಿಸಿತು. ಆದರೆ ಖಾಸಗಿ ಇಲ್ಲವೇ ಸಮುದಾಯದ ಒಡೆತನದ, ಯಾವುದೇ ಅಭಯಾರಣ್ಯದೊಳಗಿಲ್ಲದ ನೆಲಕ್ಕೆ ಮಾತ್ರ ಅದು ಅನ್ವಯ. ಸಿಂಗ್‌ಚುಂಗ್‌ಗೆ ಸಿಕ್ಕಿದ್ದು ಕಿಬ್ಬರ್‌ಗೆ ಸಿಗುವುದಿಲ್ಲ. ಸ್ಪಿತಿಯ ಗೋಮಾಳ ದಾಖಲೆಯಲ್ಲಿ ಸರ್ಕಾರದ್ದು, ಮೇಲೆ ಅಭಯಾರಣ್ಯದ ಗಡಿಯೂ ಇದೆ. ಎರಡೂವರೆ ದಶಕ ನಡೆದುಬಂದ ಒಪ್ಪಂದ ಕಾನೂನಿನ ಕಣ್ಣಿಗೆ ಬರೀ ಮಾತು. ನಾಳೆ ಯಾರಾದರೂ ಆ ಗುಡ್ಡವನ್ನು ಬೇರೆ ಕೆಲಸಕ್ಕೆ ಕೊಟ್ಟರೆ ಊರು ತೋರಿಸಲು ಒಂದು ಕಾಗದವೂ ಇಲ್ಲ. ಲಡಾಖಿನ ಚಾಂಗ್‌ಥಾಂಗ್‌ನಲ್ಲಿ 13 ಗಿಗಾವ್ಯಾಟ್‌ನ ನವೀಕರಿಸಬಹುದಾದ ಇಂಧನ ಯೋಜನೆಗೆ ಮೇವಿನ ನೆಲ ಹೋಗುವ ಆತಂಕದಲ್ಲಿರುವ ಕುರಿಗಾಹಿಗಳ ಪರಿಸ್ಥಿತಿಯೂ ಇದೇ. ದಾರಿ ಇಲ್ಲವೆಂದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಐದನೇ ಕಲಂ ಹಕ್ಕುದಾರರಿಗೂ ಗ್ರಾಮಸಭೆಗೂ ವನ್ಯಜೀವಿಯನ್ನು ಕಾಯುವ ಅಧಿಕಾರ ಕೊಟ್ಟಿದೆ, ಅಭಯಾರಣ್ಯದ ಒಳಗೂ ಆ ಹಕ್ಕು ಅನ್ವಯಿಸುತ್ತದೆ. ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ, ಹುಲಿ ಮೀಸಲು ಘೋಷಣೆಯಾದ ವರ್ಷವೇ, ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಮೀಸಲೊಂದರೊಳಗೆ ದೇಶದಲ್ಲೇ ಮೊದಲು ಹಾಗಾದದ್ದು ಅಲ್ಲಿ. ಹಕ್ಕುಪತ್ರ ಬಂದ ಮಾತ್ರಕ್ಕೆ ಆಡಳಿತದಲ್ಲಿ ಸೋಲಿಗರಿಗೆ ಸಮಾನ ಜಾಗ ಸಿಕ್ಕಿಲ್ಲ, ಆ ಹೋರಾಟ ಇನ್ನೂ ಇದೆ. ಆದರೆ ಹುಲಿ ಇರುವ ಕಾಡಿನಲ್ಲಿ ಮಾಡಬಹುದಾದದ್ದನ್ನು ಹಿಮಚಿರತೆ ಇರುವ ಗುಡ್ಡದಲ್ಲಿ ಮಾಡಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಹಿಮಾಚಲ ಮತ್ತು ಲಡಾಖಿನ ಆಡಳಿತಗಳು ಗೋಮಾಳಗಳ ಮೇಲಿನ ಹಕ್ಕನ್ನು ಗ್ರಾಮಸಭೆಗಳ ಹೆಸರಿಗೆ ದಾಖಲಿಸಿ, ಅದರೊಂದಿಗೆ ವಿಮೆ ಮತ್ತು ಕಾವಲಿನ ಹಣವನ್ನು ದಾನಿಗಳ ದಯೆಗೆ ಬಿಡದೆ ತಮ್ಮ ಬಜೆಟ್ಟಿನಲ್ಲೇ ಇಡಬೇಕು.